ರದ್ದಿಗೆ ಹೋಗುವ ಮೊದಲು

ಮಗಳೇ,

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಮೇಲೆ ನೀನು ಕಲೀನಾದಲ್ಲಿ ಪಿಎಚ್.ಡಿ. ಮಾಡುತ್ತೀ ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಗಲು ಹೋಟೆಲಿನಲ್ಲಿ ಟೇಬಲ್ ಒರಸಿ, ರಾತ್ರಿ ಅದೇ ಕೈಯಲ್ಲಿ ಪೆನ್ಸಿಲ್ ಹಿಡಿದವ ನಾನು. ಮೊನ್ನೆ ನೀನು ಎಐಯನ್ನು ಕೇಳಿ ತೋರಿಸಿದ ಉತ್ತರ ಅದಕ್ಕೇ ಮನಸ್ಸಿಗೆ ಚುಚ್ಚಿತು. ನಾನು ಕಲಿತ ಶಾಲೆಗೆ ಅದು ಯಾರನ್ನೋ ಸ್ಥಾಪಕರನ್ನಾಗಿ ಮಾಡಿತ್ತು, ಇಸವಿಯನ್ನೂ ಕೊಟ್ಟಿತ್ತು. ಆ ಹೆಸರಿನವರು ಅಲ್ಲಿ ಇರಲೇ ಇಲ್ಲ. ಕನ್ನಡ ಮಾತ್ರ ಎಷ್ಟು ಚೊಕ್ಕ!

ಅದು ಬೇಕೆಂದೇ ಹೇಳಿದ ಸುಳ್ಳಲ್ಲ. ಓದಿದ್ದರ ಜಾಡು ಹಿಡಿದು, ಒಂದು ಪದದ ಬೆನ್ನಿಗೆ ಯಾವುದು ಬಂದೀತೆಂದು ಲೆಕ್ಕ ಹಾಕಿ ಪೋಣಿಸುವುದು ಎಐಯ ಕೆಲಸ. ನಮ್ಮ ರಾತ್ರಿಶಾಲೆಗಳ ಕಥೆ ಅಂತರ್ಜಾಲಕ್ಕೆ ಹೋದದ್ದೇ ಕಡಿಮೆ. ಅದಿರುವುದು ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ವಾರ್ಷಿಕ ವರದಿಗಳಲ್ಲಿ, ಚಾಳಿನ ಖೋಲಿಯ ಟ್ರಂಕುಗಳಲ್ಲಿ.

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10 ದಾಟದಿದ್ದರೆ ದಂಡವಿಲ್ಲ ಎಂದೆಯಲ್ಲ, ಅದನ್ನೇ ಯೋಚಿಸುತ್ತಿದ್ದೆ. ಇಲ್ಲದ ಸ್ಥಾಪಕನ ಕಥೆ ಯಾವ ಬರಹವನ್ನೂ ಹೋಲುವುದಿಲ್ಲ. ಆ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತದೆ. ಆಮೇಲೆ ನಿನ್ನ ಪ್ರಬಂಧ ಅಂತರ್ಜಾಲದ ಪ್ರಬಂಧ ಭಂಡಾರವಾದ ಶೋಧಗಂಗಾ ಸೇರಿದರೆ ನಾಳಿನ ವಿದ್ಯಾರ್ಥಿ ಅದನ್ನು ಉಲ್ಲೇಖಿಸುತ್ತಾನೆ, ನಾಳಿನ ಎಐಯೂ ಅದನ್ನೇ ಓದುತ್ತದೆ. ಸುಳ್ಳಿಗೆ ಆಗ ನಿನ್ನ ಹೆಸರೇ ಸಾಕ್ಷಿ.

ಯಂತ್ರವನ್ನು ಮುಟ್ಟಲೇಬೇಡ ಎನ್ನುತ್ತಿಲ್ಲ. ಕುರ್ಲಾದ ಮನೆಯಲ್ಲಿ ಕೂತು ಧಾರವಾಡ, ಮೈಸೂರಿನ ಪ್ರಬಂಧಗಳನ್ನು ಶೋಧಗಂಗಾದಲ್ಲಿ ಓದುವ ಭಾಗ್ಯ ನಮಗಿರಲಿಲ್ಲ. ಹಳೆಯ ಪುಟಗಳ ಫೋಟೋ ತೆಗೆದು ಯಂತ್ರದಿಂದ ಅಕ್ಷರ ಮಾಡಿಸಿಕೋ. ಆದರೆ ಮೂಲ ಪುಟವನ್ನು ಪಕ್ಕದಲ್ಲೇ ಇಟ್ಟುಕೋ. ಮಾಸಿದ ಅಚ್ಚಿನಲ್ಲಿ ಒತ್ತಕ್ಷರ, ಅರ್ಕಾವೊತ್ತು ಜಾರುತ್ತವೆ. ೬ ಮತ್ತು ೭ ಒಂದೇ ಥರ ಕಾಣುತ್ತವೆ. ೧೯೬೭ ಇದ್ದದ್ದು ೧೯೭೭ ಆದರೆ ಒಂದು ಶಾಲೆಯ ಹತ್ತು ವರ್ಷ ಹೋಯಿತು.

ಇದೆಲ್ಲಕ್ಕಿಂತ ಮೊದಲು ಜನರ ಬಳಿಗೆ ಹೋಗು. ಬಂಟರ ಸಂಘ 1927ರದ್ದು, ಅದರ ಭವನ ಇಲ್ಲೇ ಕುರ್ಲಾ ಪೂರ್ವದಲ್ಲಿದೆ. ಅಲ್ಲಿಯ ಸಮಾರಂಭಗಳಿಗೆ ಬರುವ ಹಿರಿಯರ ಪಕ್ಕ ಊಟಕ್ಕೆ ಕೂತುಕೋ. ರಾತ್ರಿಶಾಲೆಗೆ ಹೋಗಿದ್ದಿರಾ ಎಂದು ತುಳುವಿನಲ್ಲೇ ಕೇಳು. ಕನ್ನಡದಲ್ಲಿ ಕೇಳಿದರೆ ಭಾಷಣ ಮಾಡುತ್ತಾರೆ, ತುಳುವಿನಲ್ಲಾದರೆ ನೆನಪು ಬಿಚ್ಚುತ್ತಾರೆ. ಅನುಮತಿ ಪಡೆದು ಮೊಬೈಲಿನಲ್ಲಿ ಧ್ವನಿ ಹಿಡಿದುಕೋ. ಒಂದೇ ಉಸಿರಿನಲ್ಲಿ ತುಳು, ಮರಾಠಿ, ಹಿಂದಿ ಬೆರೆಸಿ ಆಡುವ ಮಾತನ್ನು ಯಂತ್ರದ ಪಾಲಿಗೆ ಬಿಡಬೇಡ, ನೀನೇ ಕಿವಿಗೊಟ್ಟು ಬರೆದುಕೋ.

ಬೇಗ ಮಾಡು ಮಗಳೇ. ನನ್ನ ಜೊತೆ ಕಲಿತವರಲ್ಲಿ ಹಲವರು ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರು ಸೇರಿದರು. ಖೋಲಿ ಖಾಲಿ ಮಾಡುವ ದಿನ ಮಕ್ಕಳು ಪಾತ್ರೆ, ದೇವರ ಫೋಟೋ ಕಟ್ಟಿಕೊಂಡರು. ಸ್ಮರಣ ಸಂಚಿಕೆಗಳು ರದ್ದಿವಾಲಾನ ತಕ್ಕಡಿ ಏರಿದವು.

ನನ್ನ ಟ್ರಂಕು ಇನ್ನೂ ಇಲ್ಲೇ ಇದೆ. ಹಾಜರಿ ಪಟ್ಟಿಯ ನಕಲು ಒಂದಿದೆ, ಮಾಸ್ತರರ ಅಕ್ಷರದಲ್ಲಿ. ಭಾನುವಾರ ಹಾರ್ಬರ್ ಲೈನಿಗೆ ಮೆಗಾ ಬ್ಲಾಕ್ ಬಿದ್ದರೆ ಒದ್ದಾಡುತ್ತೀ, ಶನಿವಾರವೇ ಬಾ. ಬೀಗಕ್ಕೆ ಎಣ್ಣೆ ಬಿಟ್ಟಿದ್ದೇನೆ.