ಶಾಲೆ ಮುಚ್ಚಿದಾಗ ಒಂದನೇ ತರಗತಿಗೆ ಫೋನಲ್ಲಿ ಪಾಠ ಹೇಗೆ?

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ ಮನೆಗೆ ಹೋದ ನಮ್ಮ ಕರ್ನಾಟಕದ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ಕ್ಕೆ. ಈ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು 2020ರ ಜೂನ್‌ನಲ್ಲಿ ಸರ್ಕಾರ ನಿಷೇಧ ಹೇರಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ಜಗ್ಗಾಟ ನಮ್ಮ ಹಳ್ಳಿ ಶಾಲೆಯನ್ನು ಅಷ್ಟಾಗಿ ತಟ್ಟಲಿಲ್ಲ, ಏಕೆಂದರೆ ಬಹಳ ಮನೆಗಳಲ್ಲಿ ಇದ್ದದ್ದು ಕೀಪ್ಯಾಡ್ ಫೋನು. ಅದರಲ್ಲೇ ನಲಿ-ಕಲಿ ಮಕ್ಕಳಿಗೆ, ಅಂದರೆ ಚಟುವಟಿಕೆಯ ಮೂಲಕ ಕಲಿಯುವ ಚಿಕ್ಕ ತರಗತಿಯವರಿಗೆ, ಕಲಿಸಿದೆವು. ಮತ್ತೆ ಅಂಥ ಕಾಲ ಬಂದರೆ ಇರಲಿ ಎಂದು ಆಗ ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಫೋನು ಯಾರದ್ದು ಕೇಳಿ

ಪಾಠಕ್ಕಿಂತ ಮೊದಲು ಒಂದು ನೋಟ್‌ಬುಕ್ ಮಾಡಿ. ಮಗುವಿನ ಹೆಸರು, ಫೋನು ಯಾರ ಬಳಿ ಇರುತ್ತದೆ, ಮನೆಗೆ ಬರುವುದು ಎಷ್ಟು ಹೊತ್ತಿಗೆ, ಓದಲು ಬರುವವರು ಯಾರಿದ್ದಾರೆ, ಇಷ್ಟು ಸಾಕು. ನಾನು ಬೆಳಿಗ್ಗೆ ಹತ್ತಕ್ಕೆ ಕರೆ ಮಾಡಿ ಮಾಡಿ ಸೋತಿದ್ದೆ. ಕೊನೆಗೆ ಒಬ್ಬ ತಾಯಿ ಹೇಳಿದರು: ‘ಮೇಷ್ಟ್ರೇ, ಫೋನು ಅವರಪ್ಪನ ಜೋಬಲ್ಲಿರ್ತದೆ. ಬರೋದು ಏಳೂವರೆಗೆ.’ ಅಂದಿನಿಂದ ನಮ್ಮ ಶಾಲೆ ಸಂಜೆ ಏಳೂವರೆಗೆ ಶುರುವಾಯಿತು.

ಒಂದು ಮಗುವಿಗೆ ಎಂಟು-ಹತ್ತು ನಿಮಿಷ, ವಾರಕ್ಕೆ ಎರಡು ಸಲ. ಸ್ಮಾರ್ಟ್‌ಫೋನ್ ಇರುವ ಮನೆಯೆಂದು ಹೆಚ್ಚು ಎಳೆಯಬೇಡಿ. 2020ರ ಜುಲೈನಲ್ಲಿ ಕೇಂದ್ರ ಹೊರಡಿಸಿದ ‘ಪ್ರಜ್ಞಾತ’ ಮಾರ್ಗಸೂಚಿಯೂ ಶಾಲಾಪೂರ್ವ ಮಕ್ಕಳ ಪೋಷಕರ ಜತೆ ಮಾತಿಗೆ 30 ನಿಮಿಷ, ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡೇ ಅವಧಿ ಎಂದಿತ್ತು. ಆರು ವರ್ಷದ ಮಗುವಿಗೆ ಅದೂ ಜಾಸ್ತಿಯೇ.

ಐದು ಅಕ್ಷರ, ಒಂದು ತಟ್ಟೆ

ಪಾಠದ ಸಾಮಾನು ಮನೆಯಲ್ಲೇ ಇದೆ. ನಲಿ-ಕಲಿಯಲ್ಲಿ ಅ ಆ ಇ ಈ ಎಂದು ಶುರು ಮಾಡುವುದಿಲ್ಲ. ರ ಗ ಸ ದ ಅ ಮೊದಲು. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ, ಕಾಗುಣಿತದ ಹಂಗಿಲ್ಲ. ಊಟದ ತಟ್ಟೆಯಲ್ಲಿ ರಾಗಿ ಹಿಟ್ಟು ತೆಳ್ಳಗೆ ಹರಡಿ ಬೆರಳಲ್ಲಿ ಬರೆಯಲು ಹೇಳಿ. ಫೋನನ್ನು ಸ್ಪೀಕರಿಗೆ ಹಾಕಿಸಿ, ‘ಸ ಬರೆದೆಯಾ? ಪಕ್ಕದಲ್ಲಿ ರ ಬರಿ. ಈಗ ಓದು’ ಎನ್ನಿ. ಆಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟ. ಅತ್ತ ಕಡೆ ಅರ್ಧ ನಿಮಿಷ ಸದ್ದಿಲ್ಲದಿದ್ದರೆ ಲೈನ್ ಕಟ್ ಆಯಿತೆಂದು ನಾವು ಹಲೋ ಹಲೋ ಅನ್ನುತ್ತೇವೆ; ಮಗು ಅಲ್ಲಿ ತುಟಿ ಕಚ್ಚಿಕೊಂಡು ಬರೆಯುತ್ತಿರುತ್ತದೆ.

ಒಂದು ತೊಡಕು: ‘ಹಾಲು’ ಅಂದದ್ದೋ ‘ಆಲು’ ಅಂದದ್ದೋ ಫೋನಲ್ಲಿ ತಿಳಿಯುವುದಿಲ್ಲ, ನಮ್ಮ ಕಡೆಯ ಮಾತಿನಲ್ಲಂತೂ ಕೇಳಲೇಬೇಡಿ. ಅಂಥ ಅಕ್ಷರಗಳನ್ನು ಎದುರು ಸಿಕ್ಕಾಗ ತಿದ್ದಿದರಾಯಿತು.

ಲೆಕ್ಕಕ್ಕೆ ಹುಣಸೆ ಬೀಜ, ಪೊರಕೆ ಕಡ್ಡಿ. ಹತ್ತು ಕಡ್ಡಿಗೆ ಒಂದು ಕಟ್ಟು.

ಕಾಪಿ ಪುಸ್ತಕದ ಫೋಟೊ ನಂಬಬೇಡಿ

ವಾಟ್ಸ್‌ಆ್ಯಪ್‌ನಲ್ಲಿ ಬರುವ ದುಂಡಗಿನ ಅಕ್ಷರ ಬಹುತೇಕ ಅಕ್ಕನದ್ದು. ಬೈಯಬೇಡಿ, ಆ ಅಕ್ಕನನ್ನೇ ಟೀಚರ್ ಮಾಡಿ. ವಾರದ ಕೆಲಸ ಅವಳಿಗೆ ಹೇಳಿಕೊಟ್ಟರೆ ನಿಮ್ಮ ಅರ್ಧ ಹೊರೆ ಇಳಿಯುತ್ತದೆ. ಓದು ಬಾರದ ತಾಯಿಗೂ ಕೆಲಸವಿದೆ: ಬೀಜ ಎಣಿಸುವುದು, ಕತೆ ಹೇಳುವುದು, ಮಗು ಹೇಳಿದ್ದನ್ನು ಕೇಳುವುದು.

ಬರಹ ನೋಡಲು ನಮಗೆ ಒದಗಿದ್ದು ಬಿಸಿಯೂಟದ ಅಕ್ಕಿ-ಬೇಳೆ ಒಯ್ಯಲು ಪೋಷಕರು ಶಾಲೆಗೆ ಬರುತ್ತಿದ್ದ ದಿನ. ಹಳೆಯ ಹಾಳೆ ತಂದುಕೊಟ್ಟು ಹೊಸ ಹಾಳೆ ಒಯ್ಯಲಿ. ಮಕ್ಕಳನ್ನು ಗುಂಪಾಗಿ ಜಗಲಿಯಲ್ಲಿ ಕೂರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. 2020ರ ಆಗಸ್ಟ್‌ನಲ್ಲಿ ಶುರುವಾದ, ಮಕ್ಕಳಿರುವಲ್ಲಿಗೇ ಹೋಗಿ ಗುಂಪಾಗಿ ಕೂರಿಸಿ ಕಲಿಸುವ ಸರ್ಕಾರದ ‘ವಿದ್ಯಾಗಮ’ ಒಳ್ಳೆಯ ಯೋಚನೆಯೇ, ಆದರೆ ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು.

ಮನೆಯಲ್ಲಿ ಸಾವು-ನೋವು, ಕೂಲಿ ಇಲ್ಲದ ದಿನ ಇದ್ದರೆ ಪಾಠ ಬಿಟ್ಟುಬಿಡಿ, ‘ಊಟ ಆಯ್ತಾ ಪುಟ್ಟ’ ಎಂದು ಕೇಳಿ ಇಟ್ಟುಬಿಡಿ.

ಇನ್ನು ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಶಾಲೆ ತೆರೆದಿರುವಾಗಲೇ, ಈ ವಾರವೇ, ನಿಮ್ಮ ತರಗತಿಯ ಎಲ್ಲ ಮನೆಗಳ ಫೋನ್ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಿ. ದಾಖಲಾತಿ ವೇಳೆ ಕೊಟ್ಟ ಎಷ್ಟೋ ನಂಬರು ಈಗ ಚಾಲ್ತಿಯಲ್ಲಿರುವುದಿಲ್ಲ.