ಕುಗ್ಗಿದ ಮನಸ್ಸಿಗೆ ಆಟವೂ ಗೀತವೂ

ಓದತಕ್ಕ ವೇದಭಾಗಗಳು: ೧ ಸಮುವೇಲ ೧೬:೧೪–೨೩, ೧೮:೬–೧೧.

ಈ ಪಾಠವು ಯೌವನಸ್ಥರ ಕೂಟಕ್ಕೆ ಮಾತ್ರವಲ್ಲ, ಅವರ ತಂದೆತಾಯಿಗಳಿಗೂ ಸಭಾಹಿರಿಯರಿಗೂ ಸೇರಿದ್ದಾಗಿದೆ. ನಮ್ಮ ಹಳ್ಳಿಗಳಲ್ಲಿ ಹುಡುಗನಿಗೆ ಜ್ವರ ಬಂದರೆ ಮನೆಯವರೆಲ್ಲರೂ ಎಚ್ಚರಗೊಳ್ಳುತ್ತಾರೆ; ಅವನ ಮನಸ್ಸು ಕುಗ್ಗಿದರೆ ಸೋಮಾರಿಯಾದನೆಂದು ಗದರಿಸುತ್ತಾರೆ. ಲೋಕದಲ್ಲಿ ೧೦ರಿಂದ ೧೯ ವರುಷದವರೊಳಗೆ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮನೋವ್ಯಾಧಿ ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಎಣಿಸಿದ್ದಾರೆ. ಅಂಥವರು ನಮ್ಮ ಮಂದಿರದ ಚಾಪೆಯ ಮೇಲೂ ಕೂತಿರಬಹುದು.

ಸೌಲನ ಚರಿತ್ರೆಯನ್ನು ನೋಡಿರಿ. ಅರಸನು ತಾನಾಗಿ ಸಹಾಯ ಕೇಳಿದನೆಂದು ಅಲ್ಲಿ ಬರೆದಿಲ್ಲ. ಅವನ ಸಂಕಟವನ್ನು ಕಂಡವರು ಸೇವಕರು. ಕಿನ್ನರಿ ಬಾರಿಸಬಲ್ಲವನನ್ನು ಹುಡುಕಬೇಕೆಂಬ ಯೋಚನೆಯೂ ಅವರದೇ. ದಾವೀದನು ಬಾರಿಸುವಾಗ ಅರಸನಿಗೆ ಉಪಶಮನವಾಗುತ್ತಿತ್ತು. ಆ ವ್ಯಥೆಯ ಮೂಲವನ್ನು ಚರ್ಚಿಸುವುದು ಈ ಪಾಠದ ಕೆಲಸವಲ್ಲ. ಆದರೆ ಈ ವಾಕ್ಯಗಳನ್ನೇ ಹಿಡಿದುಕೊಂಡು, ಮಂಕಾಗಿ ಕೂತ ಹುಡುಗಿಗೆ ದೆವ್ವ ಬಡಿದಿದೆಯೆಂದು ಹೊಡೆಯುವವರೂ ಇದ್ದಾರೆ. ಸೌಲನ ಮನೆಗೆ ತರಿಸಿದ್ದು ಕಿನ್ನರಿಯೇ ಹೊರತು ಬೆತ್ತವಲ್ಲವೆಂಬುದನ್ನು ಅವರು ಗಮನಿಸಲಿ.

ಗೀತವು ಹೇಗೆ ಸಹಾಯ ಮಾಡುತ್ತದೆ? ಕೂಡಿ ಹಾಡುವವನು ಉದ್ದವಾದ ಚರಣಕ್ಕಾಗಿ ಉಸಿರನ್ನು ಆಳವಾಗಿ ಎಳೆದು ಮೆಲ್ಲಗೆ ಬಿಡಬೇಕು. ಹೀಗೆ ಬಿಡುವಾಗ ಎದೆಯ ಬಡಿತವು ಶಾಂತವಾಗುತ್ತದೆ. ಪಕ್ಕದವನ ಸ್ವರಕ್ಕೆ ಕಿವಿಗೊಡದೆ ಕೂಡಿ ಹಾಡಲಾಗದು. ಆದ್ದರಿಂದ ತನ್ನ ದುಃಖದ ಸುತ್ತಲೇ ತಿರುಗುತ್ತಿದ್ದ ಮನಸ್ಸು ಸ್ವಲ್ಪ ಹೊತ್ತು ಹೊರಗೆ ಬರುತ್ತದೆ. ಆಟದ ಪ್ರಯೋಜನವು ಇನ್ನೂ ಸುಲಭವಾಗಿ ಕಾಣುವಂಥದು. ಬೆವರುವ ತನಕ ಓಡಿದವನಿಗೆ ನಿದ್ರೆ ಚೆನ್ನಾಗಿ ಬರುತ್ತದೆ. ನಿದ್ರೆಗೆಟ್ಟವನ ಮನಸ್ಸು ಬೇಗ ಕುಗ್ಗುತ್ತದೆ. ೫ರಿಂದ ೧೭ ವರುಷದವರಿಗೆ ದಿನಕ್ಕೆ ಸರಾಸರಿ ೬೦ ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕೆಂದು ಮೇಲೆ ಹೇಳಿದ ಸಂಸ್ಥೆಯವರು ೨೦೨೦ರಲ್ಲಿ ತಿಳಿಸಿದ್ದಾರೆ.

ಈಗ ಹದಿನೆಂಟನೆಯ ಅಧ್ಯಾಯಕ್ಕೆ ಬನ್ನಿರಿ. ಸ್ತ್ರೀಯರು ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಹಾಡಿದರು. ಆದರೆ ಆ ಹಾಡಿನಲ್ಲಿ ಸೌಲನಿಗೆ ಸಾವಿರಗಳ ಲೆಕ್ಕವನ್ನೂ ದಾವೀದನಿಗೆ ಹತ್ತು ಸಾವಿರಗಳ ಲೆಕ್ಕವನ್ನೂ ಕೊಟ್ಟರು. ಮರುದಿನ ಅದೇ ದಾವೀದನು ಎಂದಿನಂತೆ ಕಿನ್ನರಿ ಬಾರಿಸುತ್ತಿರುವಾಗ ಸೌಲನು ಈಟಿಯನ್ನೆಸೆದನು. ಕಿನ್ನರಿಯೂ ಬೆರಳುಗಳೂ ಬದಲಾಗಿರಲಿಲ್ಲ; ನಡುವೆ ಹೋಲಿಕೆ ಎಂಬುದು ಬಂದಿತ್ತು. ನಮ್ಮ ಸಭೆಗಳ ವಾರ್ಷಿಕ ಸ್ಪರ್ಧೆಗಳಲ್ಲಿ ಇದು ಎಷ್ಟು ಸಾರಿ ನಡೆಯುವುದಿಲ್ಲ! ಚೆನ್ನಾಗಿ ಹಾಡುವ ಇಬ್ಬರಿಗೆ ಬಹುಮಾನ ಕೊಟ್ಟು, ಸ್ವರ ತಪ್ಪುವ ಹತ್ತು ಮಂದಿಯನ್ನು ಹಿಂದೆ ಕೂರಿಸುತ್ತೇವೆ. ಮನಸ್ಸು ನೊಂದವನು ಹೆಚ್ಚಾಗಿ ಆ ಹತ್ತರಲ್ಲಿಯೇ ಇರುತ್ತಾನೆ.

ಬಲಹೀನನೂ ಪೆಟ್ಟು ತಿನ್ನದೆ ಆಡುವಂತೆ ಒಬ್ಬನು ಆಟವನ್ನೇ ಹೊಸದಾಗಿ ಕಟ್ಟಿದ ಸಂಗತಿಯುಂಟು. ದೇವಶಾಸ್ತ್ರವನ್ನು ಕಲಿತಿದ್ದ ಜೇಮ್ಸ್ ನೇಸ್ಮಿತ್ ಎಂಬವನು ೧೮೯೧ರಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ಶಾಲೆಯಲ್ಲಿ ಶಿಕ್ಷಕನಾಗಿದ್ದನು. ಚಳಿಗಾಲದಲ್ಲಿ ಒಳಗೇ ಕವಾಯಿತು ಮಾಡಿ ಬೇಸತ್ತ ೧೮ ಮಂದಿ ಯುವಕರು ಯಾರ ಮಾತನ್ನೂ ಕೇಳದಾಗಿದ್ದರು. ಅವನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ೧೩ ನಿಯಮಗಳನ್ನು ಬರೆದನು. ಚೆಂಡನ್ನು ಹಿಡಿದುಕೊಂಡು ಓಡಬಾರದು. ತಳ್ಳಬಾರದು, ಹೊಡೆಯಬಾರದು, ಕೆಡವಬಾರದು. ಬಾಸ್ಕೆಟ್‌ಬಾಲ್ ಹೀಗೆ ಹುಟ್ಟಿತು. ನಮ್ಮ ದೇಶದಲ್ಲಿ ೧೯೨೦ರಲ್ಲಿ ಹ್ಯಾರಿ ಬಕ್ ಎಂಬವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದರು.

ಹಳ್ಳಿಗೆ ಬುಟ್ಟಿಯೂ ಬೇಡ. ಖೋ-ಖೋ ಆಟಕ್ಕೆ ಎರಡು ಕಂಬಗಳೂ ಬಯಲೂ ಸಾಕು. ಸಾಲಿನಲ್ಲಿ ಕೂತವನು ಬೆನ್ನಿಗೆ ಖೋ ಬೀಳುವ ತನಕ ಎಚ್ಚರವಾಗಿರಬೇಕು, ಬಿದ್ದೊಡನೆ ಏಳಬೇಕು. ಯಾರೂ ಕರೆಯದೆ ಮೂಲೆ ಹಿಡಿದ ಹುಡುಗನಿಗೆ ಆ ಒಂದು ಕರೆ ಸಣ್ಣದೆಂದು ನಾವು ಎಣಿಸುವುದಿಲ್ಲ. ಹುಡುಗಿಯರ ವಿಷಯದಲ್ಲಿಯಾದರೋ, ಹನ್ನೆರಡು ಹದಿಮೂರು ವರುಷವಾದ ಕೂಡಲೆ ಬಯಲಾಟವನ್ನು ಬಿಡಿಸುವುದು ನಮ್ಮವರಲ್ಲಿಯೂ ರೂಢಿಯಾಗಿದೆ. ಆಟವು ಅವರಿಗೆ ಹೆಚ್ಚಾಗಿ ಬೇಕಾದ ಕಾಲವೇ ಅದು. ಹತ್ತನೆಯ ತರಗತಿ ಬಂತೆಂದು ಚೆಂಡನ್ನೂ ಹಾರ್ಮೋನಿಯಮ್ಮನ್ನೂ ಬೀಗ ಹಾಕಿಡುವ ತಂದೆಗಳಿಗೂ ಇದನ್ನೇ ಹೇಳುತ್ತೇವೆ.

ದೇಹಸಾಧನೆಯ ಲಾಭವು ಅಲ್ಪವೆಂದು ಅಪೊಸ್ತಲನು ತಿಮೊಥೆಯನಿಗೆ ಬರೆದನಲ್ಲವೇ ಎಂದು ಕೆಲವು ಹಿರಿಯರು ಕೇಳುವರು. ಭಕ್ತಿಯೊಡನೆ ತೂಗಿ ಅಲ್ಪವೆಂದನು, ಲಾಭವೇ ಇಲ್ಲವೆಂದು ಹೇಳಲಿಲ್ಲ. ಕ್ರೀಡೋತ್ಸವಗಳಿಗೆ ಸಮೀಪವಾಗಿದ್ದ ಕೊರಿಂಥದವರಿಗೆ ಬರೆಯುವಾಗ ಓಟಗಾರನ ದೃಷ್ಟಾಂತವನ್ನು ಕೊಡಲು ಅವನು ಸಂಕೋಚಪಡಲಿಲ್ಲ.

ಕಿನ್ನರಿಯು ಸೌಲನಿಗೆ ಉಪಶಮನವನ್ನು ಕೊಟ್ಟಿತು, ಪೂರ್ಣ ಸ್ವಸ್ಥತೆಯನ್ನು ಕೊಡಲಿಲ್ಲ. ಎರಡು ವಾರ ಕಳೆದರೂ ದುಃಖವು ಬಿಡದೆ, ಊಟನಿದ್ರೆಗಳು ಕೆಟ್ಟವನನ್ನು ವೈದ್ಯರಿಗೆ ತೋರಿಸಬೇಕು; ಸಾಯುವ ಮಾತನ್ನಾಡುವವನಿಗಾಗಿ ಒಂದು ದಿನವೂ ಕಾಯಬಾರದು, ಅವನನ್ನು ಒಂಟಿಯಾಗಿ ಬಿಡಲೂ ಬಾರದು. ೨೦೨೨ರಲ್ಲಿ ಸರಕಾರದವರು ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಯನ್ನು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಹಣವಿಲ್ಲದೆ ಕರೆಯಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಕೂಟದಲ್ಲಿ ಈ ಪಾಠವನ್ನು ಓದಿ ಮುಗಿಸಿದ ಮೇಲೆ, ಕಳೆದ ಆರು ತಿಂಗಳಲ್ಲಿ ಕೂಟಕ್ಕೆ ಬರುವುದನ್ನು ನಿಲ್ಲಿಸಿದವರು ಯಾರಾರೆಂದು ನೆನಪಿಗೆ ತಂದುಕೊಳ್ಳಿರಿ. ಯಾರ ಮನೆಗೆ ಯಾರು ಹೋಗುವರೆಂಬುದನ್ನು ಅಲ್ಲಿಂದ ಏಳುವ ಮೊದಲೇ ಗೊತ್ತುಮಾಡಿರಿ.