ಹಿಮಗಟ್ಟಿಸಿದ ನಿಂಬೆ-ಶುಂಠಿಯ ಗುಟುಕು: ಒಂದು ಅಧ್ಯಯನ

ನಿಂಬೆ, ಶುಂಠಿ, ಅರಿಶಿನ, ಮೆಣಸು ಇವುಗಳ ಪರಿಚಯವನ್ನು ನಮ್ಮ ಮನೆಗಳಿಗೆ ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ಬೇಸಗೆಯ ಪಾನಕದಲ್ಲಿ ಮೊದಲನೆಯದೂ ನೆಗಡಿಯ ಕಷಾಯದಲ್ಲಿ ಉಳಿದ ಮೂರೂ ತಲೆಮಾರುಗಳಿಂದ ನೆಲೆಯಾಗಿವೆ. ಈಚಿನ ವರ್ಷಗಳಲ್ಲಿ ಈ ನಾಲ್ಕನ್ನೂ ಕೂಡಿಸಿ ಅರೆದು, ರಸ ಹಿಂಡಿ, ಹೆಬ್ಬೆರಳಿನಷ್ಟು ಸೀಸೆಗಳಲ್ಲಿ ತುಂಬಿ, ‘ವೆಲ್‌ನೆಸ್ ಶಾಟ್’ ಎಂಬ ಹೆಸರಿನಿಂದ ಪಟ್ಟಣಗಳಲ್ಲಿ ಮಾರುವ ವಾಡಿಕೆ ಬೆಳೆದಿದೆ. 2020ರ ಕೋವಿಡ್ ಪಿಡುಗಿನ ಕಾಲದಲ್ಲಿ ಕಷಾಯದ ಮೇಲೆ ಜನರಿಗುಂಟಾದ ಒಲವು ಇದಕ್ಕೆ ಇಂಬು ಕೊಟ್ಟಿತು. ಒಂದೇ ಗುಟುಕಿಗೆ ಕುಡಿದು ಮುಗಿಸುವ ಈ ಪೇಯವನ್ನು ನಾವು ಇಲ್ಲಿ ‘ಗುಟುಕು’ ಎಂದೇ ಕರೆಯೋಣ. ಅದನ್ನು ಮನೆಯಲ್ಲಿಯೇ ಸಿದ್ಧಪಡಿಸಿ ಮಂಜುಗಡ್ಡೆಯ ಬಿಲ್ಲೆಗಳಾಗಿ ಇಟ್ಟುಕೊಳ್ಳುವುದು ಸುಲಭ, ಖರ್ಚೂ ಅಲ್ಪ. ಆದರೆ ಅದರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ, ದಿನದ ಯಾವ ಹೊತ್ತಿನಲ್ಲಿ ಅದು ಸಾರ್ಥಕವಾಗುತ್ತದೆ ಎಂಬ ವಿಚಾರ ಮಾಡದೆ ಮಕ್ಕಳಿಗೆ ಕುಡಿಸುವುದು ವಿವೇಕವಲ್ಲ. ವಿದ್ಯಾರ್ಥಿ ನಿಲಯಗಳ ಅಡುಗೆಮನೆಯ ಹೊಣೆ ಹೊತ್ತವರೂ ಅವುಗಳಿಗೆ ನೆರವು ನೀಡುವ ದಾನಿಗಳೂ ಈ ವಿಚಾರವನ್ನು ಅರಿತಿರುವುದು ಲೇಸು.

ಹುಳಿಹಣ್ಣಿನ ಗುಣವನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್. ಆ ಕಾಲದ ದೀರ್ಘ ಸಮುದ್ರಯಾನಗಳಲ್ಲಿ ಸ್ಕರ್ವಿ ಎಂಬ ರೋಗ ನಾವಿಕರನ್ನು ಗುಂಪುಗುಂಪಾಗಿ ಬಲಿ ತೆಗೆದುಕೊಳ್ಳುತ್ತಿತ್ತು. ಒಸಡುಗಳು ಊದಿ ರಕ್ತ ಸೋರುವುದು, ಹಳೆಯ ಗಾಯಗಳು ಮರಳಿ ಬಿರಿಯುವುದು, ಮೈಯಲ್ಲಿ ಏಳುವ ಚೈತನ್ಯವೇ ಇಲ್ಲದಾಗುವುದು ಅದರ ಲಕ್ಷಣಗಳು. 1747ರ ಮೇ ತಿಂಗಳಿನಲ್ಲಿ ಲಿಂಡ್ ‘ಸಾಲ್ಸ್‌ಬರಿ’ ಎಂಬ ಹಡಗಿನಲ್ಲಿ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿಗಳಾಗಿ ವಿಂಗಡಿಸಿದನು. ಎಲ್ಲರಿಗೂ ಒಂದೇ ಬಗೆಯ ಆಹಾರವನ್ನು ಕೊಟ್ಟು, ಔಷಧವನ್ನು ಮಾತ್ರ ಜೋಡಿಯಿಂದ ಜೋಡಿಗೆ ಬದಲಿಸಿದನು. ಒಂದು ಜೋಡಿಗೆ ಸೇಬಿನ ಮದ್ಯ, ಮತ್ತೊಂದಕ್ಕೆ ಆಮ್ಲದ ಹನಿಗಳು, ಇನ್ನೊಂದಕ್ಕೆ ಹುಳಿಕಾಡಿ, ಮಗುದೊಂದಕ್ಕೆ ಸಮುದ್ರದ ನೀರು. ಒಂದು ಜೋಡಿಗೆ ಬೆಳ್ಳುಳ್ಳಿ, ಸಾಸಿವೆ ಮೊದಲಾದವನ್ನು ಅರೆದು ಮಾಡಿದ ಮಸಾಲೆಯ ಲೇಹ್ಯ. ಉಳಿದ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ ಮತ್ತು ಒಂದು ನಿಂಬೆ. ಹಡಗಿನಲ್ಲಿದ್ದ ಹಣ್ಣು ಆರೇ ದಿನಗಳಲ್ಲಿ ತೀರಿತು. ಅಷ್ಟರೊಳಗೆ ಹಣ್ಣು ತಿಂದವರಲ್ಲಿ ಒಬ್ಬನು ಕೆಲಸಕ್ಕೆ ಮರಳುವಷ್ಟು ಚೇತರಿಸಿಕೊಂಡಿದ್ದನು. ಮಸಾಲೆಯ ಲೇಹ್ಯ ತಿಂದವರಿಗೆ ಅಂಥ ಗುಣವೇನೂ ಕಾಣಲಿಲ್ಲ. ಇಂದಿನ ಗುಟುಕಿನಲ್ಲಿ ಹಣ್ಣೂ ಮಸಾಲೆಯೂ ಒಂದೇ ಬಟ್ಟಲಿನಲ್ಲಿ ಕೂಡಿರುವುದರಿಂದ ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಇಷ್ಟು ಕಂಡುಕೊಂಡ ಲಿಂಡನೇ ಮುಂದೆ ಎಡವಿದ್ದು ವಿಪರ್ಯಾಸ. ಹಣ್ಣು ಹಡಗಿನಲ್ಲಿ ಕೆಡುತ್ತದೆಂದು ಅವನು ರಸವನ್ನು ಬಿಸಿಮಾಡಿ ಇಂಗಿಸಿ, ಗಟ್ಟಿಯಾದ ಪಾಕ ಮಾಡಿ ಒಯ್ಯುವಂತೆ ಸಲಹೆಯಿತ್ತನು. ಪಾಕವೇನೋ ಕೆಡಲಿಲ್ಲ, ಆದರೆ ರೋಗ ನೀಗಿಸುವ ಸತ್ತ್ವವು ಬೆಂಕಿಗೆ ಬಹುಮಟ್ಟಿಗೆ ಆಹುತಿಯಾಯಿತು. ಆ ಸತ್ತ್ವವು ‘ಸಿ’ ಜೀವಸತ್ತ್ವವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಹಂಗೇರಿಯ ವಿಜ್ಞಾನಿ ಸೆಂಟ್-ಗ್ಯೋರ್ಗಿ ಅದನ್ನು 1928ರಲ್ಲಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕಥೆಯ ಇನ್ನೊಂದು ಅಧ್ಯಾಯ ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ್ದು. 1795ರಿಂದ ಬ್ರಿಟಿಷ್ ನೌಕಾಪಡೆ ಲೆಮನ್ ಎಂಬ ದೊಡ್ಡ ಜಾತಿಯ ನಿಂಬೆಯ ರಸವನ್ನು ನಾವಿಕರಿಗೆ ಕೊಡತೊಡಗಿತು, ಸ್ಕರ್ವಿ ಇಳಿಮುಖವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದಕ್ಕೆ ಬದಲಾಗಿ ವೆಸ್ಟ್ ಇಂಡೀಸಿನ ಲೈಮ್ ಎಂಬ ಸಣ್ಣ ನಿಂಬೆಯ ರಸ ಬಳಕೆಗೆ ಬಂದಿತು. 1875ರಲ್ಲಿ ಉತ್ತರ ಧ್ರುವದತ್ತ ಹೊರಟ ನೇರ್ಸ್ ನೇತೃತ್ವದ ತಂಡದಲ್ಲಿ, ಈ ರಸವಿದ್ದರೂ ಸ್ಕರ್ವಿ ತಲೆದೋರಿತು. ಸಣ್ಣ ನಿಂಬೆಯಲ್ಲಿ ಸತ್ತ್ವ ಕಡಿಮೆಯೆಂಬುದನ್ನು 1918ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಸಂಶೋಧಕಿಯರು ಪ್ರಯೋಗದಿಂದ ಸ್ಥಾಪಿಸಿದರು. ನಮ್ಮ ಇಂಡಿ ಸೀಮೆಯ ತೋಟಗಳಿಂದ ಸಂತೆಗೆ ಬರುವ, ತೆಳು ಸಿಪ್ಪೆಯ, ಘಮಘಮಿಸುವ ಕಾಗ್ಜಿ ನಿಂಬೆ ಈ ಸಣ್ಣ ಜಾತಿಗೇ ಸೇರಿದ್ದು. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಜೀವಸತ್ತ್ವದ ಲೆಕ್ಕದಲ್ಲಿ ಮಾತ್ರ ಅದನ್ನೊಂದನ್ನೇ ನೆಚ್ಚುವಂತಿಲ್ಲ.

‘ಸಿ’ ಜೀವಸತ್ತ್ವಕ್ಕೆ ಮೂರು ಶತ್ರುಗಳು: ಶಾಖ, ಗಾಳಿ ಮತ್ತು ತಾಮ್ರ. ಹುಳಿ ಅದಕ್ಕೆ ಮಿತ್ರ. ಆಮ್ಲದಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ. ಶೈತ್ಯವೂ ಮಿತ್ರನೇ. ರಸ ಹೆಪ್ಪುಗಟ್ಟಿದಾಗ ಗಾಳಿಯೊಡನೆ ನಡೆಯುವ ರಾಸಾಯನಿಕ ಕ್ರಿಯೆ ಬಹಳ ಮಂದವಾಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆಯ ರಸವನ್ನು ಕಡಿಮೆ ಶಾಖದಲ್ಲಿ, ಗಾಳಿಯಿಲ್ಲದ ಪಾತ್ರೆಯಲ್ಲಿ ಇಂಗಿಸಿ, ತಾಜಾ ರಸವನ್ನು ಸ್ವಲ್ಪ ಬೆರೆಸಿ ಹಿಮಗಟ್ಟಿಸುವ ವಿಧಾನ ರೂಪುಗೊಂಡಿತು. ಲಿಂಡನ ಪಾಕದಿಂದ ಸಾಧ್ಯವಾಗದ ಕೆಲಸ ಇದರಿಂದ ಸಾಧ್ಯವಾಯಿತು. ನಮ್ಮ ಮನೆಯ ಫ್ರಿಜ್ಜಿನಲ್ಲಿ ನಡೆಯುವುದೂ ಇದೇ ತತ್ತ್ವದ ಸರಳ ರೂಪ. ಬೇಸಗೆಯಲ್ಲಿ ನಿಂಬೆಯ ಬೆಲೆ ಏರುವುದೂ ಬೆಳೆ ಹೇರಳವಾದಾಗ ಕೊಳ್ಳುವವರಿಲ್ಲದೆ ಬೆಳೆಗಾರ ಕಂಗೆಡುವುದೂ ನಾವು ಕಾಣುವ ಸಂಗತಿ. ಅಗ್ಗದ ದಿನಗಳಲ್ಲಿ ಕೊಂಡು ಹಿಂಡಿ ಇಟ್ಟುಕೊಂಡರೆ ಇಬ್ಬರಿಗೂ ಅನುಕೂಲ.

ಇನ್ನು ತಯಾರಿಕೆಯ ಕ್ರಮ. ನಿಂಬೆಯ ರಸ 250 ಮಿ.ಲೀ., ಕಿತ್ತಳೆ ಅಥವಾ ಮೂಸಂಬಿಯ ರಸ 150 ಮಿ.ಲೀ., ಸಿಪ್ಪೆ ಹೆರೆದ ಹಸಿಶುಂಠಿ 75 ಗ್ರಾಂ, ಹಸಿ ಅರಿಶಿನದ ಕೊಂಬು 25 ಗ್ರಾಂ, ಕುಟ್ಟಿದ ಕಾಳುಮೆಣಸು ಅರ್ಧ ಚಮಚ ಸಾಕು. ಹಸಿ ಅರಿಶಿನ ದೊರೆಯದಿದ್ದರೆ ಒಂದು ಚಮಚ ಪುಡಿಯಾದೀತು. ಆದರೆ ಒಣ ಕೊಂಬನ್ನು ಕೊಂಡು ಮನೆಯಲ್ಲಿ ಪುಡಿಮಾಡಿಕೊಳ್ಳುವುದು ಕ್ಷೇಮ. ಹೊಳಪಿಗಾಗಿ ಅರಿಶಿನಕ್ಕೆ ಸೀಸದ ಬಣ್ಣ ಬೆರೆಸುವ ದುಷ್ಟ ಪದ್ಧತಿ ಉಂಟು. ಸೀಸವು ಮಕ್ಕಳ ಮಿದುಳಿಗೆ ವಿಷ. ಮೊದಲು ಶುಂಠಿ, ಅರಿಶಿನ, ಮೆಣಸುಗಳನ್ನು ಸ್ವಲ್ಪ ನೀರು ಬಿಟ್ಟು ನುಣ್ಣಗೆ ಅರೆಯಬೇಕು. ಹಣ್ಣಿನ ರಸವನ್ನು ಕಟ್ಟಕಡೆಯಲ್ಲಿ ಸೇರಿಸಬೇಕು. ಮಿಕ್ಸಿಯಲ್ಲಿ ಗರಗರ ತಿರುಗಿಸಿದಷ್ಟೂ ಗಾಳಿ ಬೆರೆಯುತ್ತದೆ. ಬೀಜವನ್ನು ತೆಗೆಯದೆ, ಸಿಪ್ಪೆಯನ್ನು ಜಜ್ಜುವಷ್ಟು ಹಿಂಡಿದರೆ ರಸ ನಿಂತಷ್ಟು ಹೊತ್ತೂ ಕಹಿಯೇರುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ದೂರವಿಟ್ಟು, ಸ್ಟೀಲು ಅಥವಾ ಗಾಜನ್ನು ಬಳಸಬೇಕು. ಜೇನನ್ನು ಕುಡಿಯುವಾಗ ಬೆರೆಸಿಕೊಳ್ಳಬಹುದು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಸಲ್ಲದು.

ಮಿಶ್ರಣವನ್ನು ಒರಟಾಗಿ ಸೋಸಿ, ಕೂಡಲೇ ಮಂಜುಗಡ್ಡೆಯ ತಟ್ಟೆಯ ಗುಳಿಗಳಿಗೆ ತುಂಬಬೇಕು. ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಅಂಚಿನವರೆಗೆ ಸುರಿಯಬಾರದು. ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಕಳಚಿ, ಗಾಳಿಯನ್ನು ಒತ್ತಿ ಹೊರದೂಡಿ, ಬಿಗಿಯಾದ ಚೀಲದಲ್ಲಿ ಕಟ್ಟಿ, ತಾರೀಖು ಬರೆದಿಡಬೇಕು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೈತ್ಯವಿದ್ದಲ್ಲಿ ಮೂರು ತಿಂಗಳು ಇಡಬಹುದು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಮಂಜಿನ ಗೂಡು ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಅಲ್ಲಿ ಒಂದು ತಿಂಗಳೇ ಸಾಕು. ಸೋಸಿ ಉಳಿದ ಗಸಿಯನ್ನು ಚೆಲ್ಲಬೇಕಾಗಿಲ್ಲ. ಚಟ್ನಿಗೆ ಸೊಗಸಾಗಿ ಕೂಡುತ್ತದೆ.

ಈಗ ಲೆಕ್ಕ ಹಾಕೋಣ. ಸಣ್ಣ ನಿಂಬೆಯ 100 ಮಿ.ಲೀ. ರಸದಲ್ಲಿ ‘ಸಿ’ ಜೀವಸತ್ತ್ವ ಸುಮಾರು 30 ಮಿ.ಗ್ರಾಂ, ಕಿತ್ತಳೆಯಲ್ಲಿ ಸುಮಾರು 50. ಮೇಲಿನ ಮಿಶ್ರಣವೆಲ್ಲ ಸೇರಿ 150 ಮಿ.ಗ್ರಾಂ ಆಯಿತು. ಅದರಿಂದ 20 ಮಿ.ಲೀ. ಅಳತೆಯ 25 ಬಿಲ್ಲೆಗಳಾದರೆ ಒಂದೊಂದರಲ್ಲಿ ಇರುವುದು 6 ಮಿ.ಗ್ರಾಂ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ವಯಸ್ಕ ಪುರುಷರಿಗೆ ದಿನಕ್ಕೆ 80, ಸ್ತ್ರೀಯರಿಗೆ 65 ಮಿ.ಗ್ರಾಂ ಎಂದು ಗೊತ್ತುಪಡಿಸಿದೆ. ಹಿತ್ತಿಲ ಪೇರಲ ಹಣ್ಣಿನ 100 ಗ್ರಾಂನಲ್ಲಿ 200 ಮಿ.ಗ್ರಾಂಗೂ ಮಿಗಿಲಾಗಿರುತ್ತದೆ, ಅಂದರೆ ಒಂದು ಪೇರಲ ಹಣ್ಣು ಮೂವತ್ತು ಬಿಲ್ಲೆಗಳಿಗೆ ಮೇಲು. ದುಬಾರಿ ಸೀಸೆಗಳನ್ನು ಕೊಳ್ಳುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಈ ಕೊರತೆಯನ್ನು ತುಂಬಬಲ್ಲದ್ದು ಬೆಟ್ಟದ ನೆಲ್ಲಿಕಾಯಿ. ಅದು ನಿಂಬೆಯ ಕುಲದ್ದಲ್ಲ. ಆದರೆ ಹುಳಿಯಲ್ಲಿ ಹೊಂದಿಕೊಳ್ಳುತ್ತದೆ. ಚಳಿಗಾಲದ ಸುಗ್ಗಿಯಲ್ಲಿ ಅಗ್ಗವಾಗಿ ದೊರೆಯುವ ಅದರ 250 ಗ್ರಾಂ ತಿರುಳನ್ನು ಅರೆದು ಸೇರಿಸಿ, 37 ಬಿಲ್ಲೆಗಳಾಗುವಂತೆ ಮಾಡಿದರೆ, 100 ಗ್ರಾಂಗೆ 250 ಮಿ.ಗ್ರಾಂ ಎಂಬ ಕಡಿಮೆಯ ಲೆಕ್ಕ ಹಿಡಿದರೂ ಒಂದು ಬಿಲ್ಲೆಗೆ 20 ಮಿ.ಗ್ರಾಂ ಬರುತ್ತದೆ. ಅರೆಯುವಾಗ, ಸೋಸುವಾಗ ಸ್ವಲ್ಪ ನಷ್ಟವಾಗುವುದನ್ನು ಒಪ್ಪಿಕೊಂಡರೂ, ಎರಡು ಬಿಲ್ಲೆಗಳು ಒಂದು ಊಟಕ್ಕೆ ಉಪಯುಕ್ತವಾಗುವಷ್ಟಿರುತ್ತವೆ.

ನೆಗಡಿಯನ್ನು ಇದು ತಡೆಯುವುದೇ? 1970ರಲ್ಲಿ ಲೈನಸ್ ಪಾಲಿಂಗರು ಹಾಗೆಂದು ಗ್ರಂಥವನ್ನೇ ಬರೆದರು. ಅಲ್ಲಿಂದೀಚೆಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ತೀರ್ಮಾನ ಬೇರೆಯೇ: ದಿನವೂ 200 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಸೇವಿಸಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಅದರ ಅವಧಿ ದೊಡ್ಡವರಲ್ಲಿ ಶೇಕಡಾ 8, ಮಕ್ಕಳಲ್ಲಿ ಶೇಕಡಾ 14ರಷ್ಟು ತಗ್ಗುತ್ತದೆ. ಅರಿಶಿನ-ಮೆಣಸಿನ ವಿಷಯದಲ್ಲಿ 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಹೊರಬಂದ ಅಧ್ಯಯನ ಲೋಕಪ್ರಸಿದ್ಧವಾಗಿದೆ. ಅರಿಶಿನದ ಸಾರವಾದ ಕರ್ಕ್ಯುಮಿನ್ 2 ಗ್ರಾಂನೊಡನೆ ಮೆಣಸಿನ ಸಾರವಾದ ಪೈಪರೀನ್ 20 ಮಿ.ಗ್ರಾಂ ಕೊಟ್ಟಾಗ ದೇಹಕ್ಕೆ ದೊರೆತ ಕರ್ಕ್ಯುಮಿನ್ ಇಪ್ಪತ್ತು ಪಟ್ಟಾಯಿತು. ಆದರೆ ಒಣ ಅರಿಶಿನದಲ್ಲಿ ಆ ಸಾರ ಶೇಕಡಾ 3ರ ಆಸುಪಾಸು; 2 ಗ್ರಾಂ ಬೇಕೆಂದರೆ 60 ಗ್ರಾಂಗೂ ಮಿಕ್ಕು ಅರಿಶಿನ ತಿನ್ನಬೇಕು. ನಮ್ಮ ಬಿಲ್ಲೆಯ ಅರಿಶಿನ ಬಣ್ಣಕ್ಕೂ ಶುಂಠಿ ರುಚಿಗೂ ಉಂಟು. ಶುಂಠಿಯಿಂದ ಓಕರಿಕೆ ಶಮನವಾಗುವುದೆಂಬುದಕ್ಕೆ ಆಧಾರವೂ ಉಂಟು. ಅಷ್ಟಕ್ಕೆ ತೃಪ್ತರಾಗುವುದು ಒಳ್ಳೆಯದು.

ಹಾಗಾದರೆ ಗುಟುಕು ನಿಜವಾಗಿ ಸಲ್ಲುವುದು ಎಲ್ಲಿ? ಬೆಳಗಿನ ಬರಿಹೊಟ್ಟೆಗಿಂತ ಊಟದ ತಟ್ಟೆಯ ಪಕ್ಕದಲ್ಲಿ ಎಂಬುದು ನಮ್ಮ ಅಭಿಪ್ರಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ತರಗತಿಯಲ್ಲಿ ತೂಕಡಿಸುವ, ಆಟದಲ್ಲಿ ಬೇಗನೆ ದಣಿಯುವ ಹುಡುಗಿಯನ್ನು ಸೋಮಾರಿಯೆಂದು ಗದರುವ ಮೊದಲು ಉಪಾಧ್ಯಾಯರು ಈ ಅಂಕಿಯನ್ನು ನೆನೆಯಬೇಕು. ರಾಗಿ, ಜೋಳ, ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಕಾಳುಗಳಲ್ಲಿರುವ ಫೈಟೇಟು ಅದನ್ನು ಹಿಡಿದಿಟ್ಟು ಕರುಳಿಗೆ ಒದಗದಂತೆ ಮಾಡುತ್ತದೆ. ‘ಸಿ’ ಜೀವಸತ್ತ್ವ ಆ ಕಟ್ಟನ್ನು ಸಡಿಲಿಸಿ ಕಬ್ಬಿಣವು ರಕ್ತಕ್ಕೆ ಸೇರಲು ನೆರವಾಗುತ್ತದೆ. ಆದರೆ ಎರಡೂ ಒಂದೇ ಹೊತ್ತಿಗೆ ಹೊಟ್ಟೆಯಲ್ಲಿರಬೇಕು. ಮುಂಜಾನೆ ಕುಡಿದ ಗುಟುಕು ಮಧ್ಯಾಹ್ನದ ರೊಟ್ಟಿಗೆ ಒದಗುವುದಿಲ್ಲ. ಊಟದ ಹೊತ್ತಿಗೆ ಎರಡು ಬಿಲ್ಲೆಗಳನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಕುಡಿಯುವುದು, ಇಲ್ಲವೆ ತೊವ್ವೆ ಒಲೆಯಿಂದಿಳಿದು ಉಗುರುಬೆಚ್ಚಗಾದ ಮೇಲೆ ಬೆರೆಸುವುದು ಸರಿಯಾದ ಕ್ರಮ. ಚಹಾ ಕಬ್ಬಿಣವನ್ನು ತಡೆಯುವುದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಗೆ ಇದು ಬದಲಿಯಲ್ಲ. ಮಾತ್ರೆ ತಪ್ಪಿಸಿ ಗುಟುಕು ಕುಡಿಸುವವರು ಮಗುವಿಗೆ ಅನ್ಯಾಯ ಮಾಡುತ್ತಾರೆ.

ಬಿಲ್ಲೆಯನ್ನು ಬಾಯಲ್ಲಿಟ್ಟು ಚೀಪಲು ಮಕ್ಕಳಿಗೆ ಬಿಡಬಾರದು. ನಿಂಬೆಯ ಹುಳಿ ಹಲ್ಲಿನ ಹೊಳಪು ಕವಚವನ್ನು ಕರಗಿಸುತ್ತದೆ. ಕುಡಿದ ಬಳಿಕ ಬಾಯಿ ಮುಕ್ಕಳಿಸಬೇಕು, ತಕ್ಷಣ ಹಲ್ಲುಜ್ಜಬಾರದು. ಎದೆಯುರಿ, ಹೊಟ್ಟೆಹುಣ್ಣು ಇರುವವರೂ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿರುವವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತೊಡಕು, ವಿದ್ಯುತ್ತು. ಶೈತ್ಯವು ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ರಾತ್ರಿ ವಿದ್ಯುತ್ತು ಹೋಗಿ ಬಿಲ್ಲೆ ಕರಗಿ, ಬೆಳಗಾಗುವಷ್ಟರಲ್ಲಿ ಮತ್ತೆ ಗಟ್ಟಿಯಾಗಿದ್ದರೆ ನೋಡಿದವರಿಗೆ ತಿಳಿಯುವುದು ಕಷ್ಟ. ಇದಕ್ಕೊಂದು ಸುಲಭ ಉಪಾಯವಿದೆ. ಒಂದು ಬಟ್ಟಲು ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ನಾಣ್ಯವನ್ನಿಟ್ಟು ಬಿಲ್ಲೆಗಳ ಪಕ್ಕದಲ್ಲಿಯೇ ಇರಿಸಬೇಕು. ನಾಣ್ಯ ಮೇಲೆಯೇ ಇದ್ದರೆ ಬಿಲ್ಲೆಗಳನ್ನು ಬಳಸಬಹುದು. ಬಟ್ಟಲಿನ ತಳ ಸೇರಿದ್ದರೆ ಚೀಲವನ್ನು ಚೆಲ್ಲಿಬಿಡಬೇಕು.